ಚಿತ್ರ ಬರೆಯುವ ಮುಂಚೆ ಕಪಾಟು ತೆರೆದು ನೋಡುತ್ತೇನೆ

ಮನೆಯ ಒಳಾಂಗಣ ಮಾಡಿಸಲು ಬರುವವರ ಮೊಬೈಲ್‌ನಲ್ಲಿ ಫೋಟೊಗಳು ತುಂಬಿರುತ್ತವೆ. ಇಂಥ ಸೋಫಾ ಬೇಕು, ಇಂಥ ವಾರ್ಡ್‌ರೋಬ್ ಬೇಕು ಅಂತ ಒಂದೊಂದಾಗಿ ತೋರಿಸುತ್ತಾರೆ. ನಾನು ಎಲ್ಲವನ್ನೂ ನೋಡುತ್ತೇನೆ. ಅವರಿಗೆ ಯಾವ ಬಣ್ಣ ಹಿಡಿಸುತ್ತದೆ, ತುಂಬಿದ ಕೋಣೆ ಇಷ್ಟವೋ ಖಾಲಿ ಕೋಣೆ ಇಷ್ಟವೋ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಆದರೆ ಕೆಲಸ ಶುರು ಮಾಡುವುದು ಅವರು ಈಗ ಬಳಸುತ್ತಿರುವ ಕಪಾಟುಗಳಿಂದ. ಒಪ್ಪಿಗೆ ಕೇಳಿ ಬಾಗಿಲು ತೆರೆಸುತ್ತೇನೆ. ಏನೇನಿದೆ, ಯಾವುದು ಕೈಗೆ ಸಿಗದೆ ಹಿಂದೆ ಉಳಿದಿದೆ, ಯಾವುದು ಜಾಗವಿಲ್ಲದೆ ಕುರ್ಚಿಯ ಮೇಲೆ ಬಂದು ಕೂತಿದೆ ಅಂತ ಬರೆದುಕೊಳ್ಳುತ್ತೇನೆ.

ಸಾಮಾನು ರಾಶಿ ಬೀಳುವ ಜಾಗಗಳನ್ನು ನಾನು ತುಂಬಾ ನಂಬುತ್ತೇನೆ. ಬಾಗಿಲ ಬಳಿ ಬ್ಯಾಗು, ಕೀಲಿಕೈ, ಪತ್ರಗಳು ಬೀಳುತ್ತಿದ್ದರೆ ಅಲ್ಲೊಂದು ಕಿರಿದಾದ ಕಪಾಟು ಬೇಕು ಅಂತ ಅರ್ಥ. ಒಮ್ಮೆ ಹಾಕಿಕೊಂಡ, ಇನ್ನೂ ಒಗೆಯುವಷ್ಟು ಕೊಳೆಯಾಗದ ಬಟ್ಟೆಗಳಿಗೆ ಎಷ್ಟೋ ಮನೆಗಳಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೆ ವಾರ್ಡ್‌ರೋಬಿನ ಪಕ್ಕ ನಾಲ್ಕು ಕೊಕ್ಕೆ ಹಾಕಿದರೂ ಸಾಕು, ಮಲಗುವ ಕೋಣೆಯ ರೂಪವೇ ಬದಲಾಗುತ್ತದೆ.

ವಾರ್ಡ್‌ರೋಬ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮಾಡಿಸುವುದು ಅದನ್ನೇ. ಹ್ಯಾಂಗರಿಗೆ ತೂಗುಹಾಕಿದ ಬಟ್ಟೆ ಬಾಗಿಲಿಗೆ ತಾಗಬಾರದು ಅಂದರೆ ಸುಮಾರು 60 ಸೆಂ.ಮೀ. ಆಳ ಬೇಕು. ಅಂಗಿಗಳಿಗೆ 1 ಮೀಟರ್ ಎತ್ತರ ಸಾಕು, ಉದ್ದ ಉಡುಪುಗಳಿಗೆ ಒಂದೂವರೆ ಮೀಟರ್ ಬೇಕಾಗುತ್ತದೆ. ತೊಂದರೆ ಬರುವುದು ಮಡಿಸಿದ ಬಟ್ಟೆಯಲ್ಲಿ. ಅದಕ್ಕೆ 35ರಿಂದ 40 ಸೆಂ.ಮೀ. ಆಳ ಧಾರಾಳ. ಅದೇ 60 ಸೆಂ.ಮೀ. ಶೆಲ್ಫಿನಲ್ಲಿ ಇಟ್ಟರೆ ಎರಡು ಸಾಲಾಗುತ್ತದೆ, ಹಿಂದಿನ ಸಾಲನ್ನು ಎಲ್ಲರೂ ಮರೆತುಬಿಡುತ್ತಾರೆ. ಹಾಗಾಗಿ ಸೊಂಟದಿಂದ ಕೆಳಗೆ ನಾನು ಶೆಲ್ಫ್ ಬದಲು ಡ್ರಾಯರ್ ಕೊಡುತ್ತೇನೆ. ಡ್ರಾಯರ್ ಜಾರುವ ಲೋಹದ ಪಟ್ಟಿಗೆ ಚಾನೆಲ್ ಅನ್ನುತ್ತೇವೆ, ಪೂರ್ತಿ ಹೊರಗೆ ಬರುವ ಚಾನೆಲ್ ಹಾಕಿದರೆ ಮೂಲೆಯ ಕಾಲುಚೀಲವೂ ಕಣ್ಣಿಗೆ ಬೀಳುತ್ತದೆ. ಖರ್ಚು ಜಾಸ್ತಿ, ನಿಜ. ಹಣ ಎಲ್ಲಿ ಉಳಿಸಲಿ ಅಂತ ಕೇಳುವವರಿಗೆ ಹೊರಗಿನ ಅಲಂಕಾರದಲ್ಲಿ ಉಳಿಸಿ, ಚಾನೆಲ್ ಮತ್ತು ಬಾಗಿಲು ತಿರುಗಿಸುವ ಹಿಂಜ್‌ನಲ್ಲಿ ಮಾತ್ರ ಬೇಡ ಅನ್ನುತ್ತೇನೆ. ದಿನಾ ಕೈ ಹೋಗುವುದು ಅಲ್ಲಿಗೇ ಅಲ್ವಾ?

ಆಮೇಲೆ ಮನುಷ್ಯರ ಅಳತೆ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತೊಡೆಯ ಕೆಳಗೆ ಒತ್ತಬಾರದು. ಹೆಚ್ಚಿನ ವಯಸ್ಕರಿಗೆ 43ರಿಂದ 45 ಸೆಂ.ಮೀ. ಎತ್ತರದ ಕುರ್ಚಿ ಸರಿಹೋಗುತ್ತದೆ. ಊಟದ ಮೇಜು ಸುಮಾರು 75 ಸೆಂ.ಮೀ. ಒಬ್ಬೊಬ್ಬರಿಗೂ 60 ಸೆಂ.ಮೀ. ಅಗಲ ಬಿಟ್ಟರೆ ಮೊಣಕೈ ತಾಗುವುದಿಲ್ಲ. ಮೇಜಿನ ಹಲಗೆಯ ಕೆಳಗೆ ಕಾಲುಗಳನ್ನು ಜೋಡಿಸುವ ಪಟ್ಟಿಯನ್ನು ಜನ ಗಮನಿಸುವುದೇ ಇಲ್ಲ. ಚಂದ ಕಾಣಲಿ ಅಂತ ಅದನ್ನು ದಪ್ಪ ಮಾಡಿದರೆ ತೊಡೆಗೆ ಜಾಗ ಉಳಿಯುವುದಿಲ್ಲ. ನಾನು ಆ ಪಟ್ಟಿಯ ಕೆಳಗೆ ನೆಲದಿಂದ ಕನಿಷ್ಠ 63 ಸೆಂ.ಮೀ. ಬಿಡುತ್ತೇನೆ.

ಸೋಫಾದಲ್ಲಿ ಎತ್ತರಕ್ಕಿಂತ ಆಳ ನನ್ನನ್ನು ಜಾಸ್ತಿ ಕಾಡುತ್ತದೆ. ಫೋಟೊದಲ್ಲಿ ತಗ್ಗಾದ, ಆಳವಾದ ಸೋಫಾ ಬಹಳ ಚಂದ ಕಾಣುತ್ತದೆ. ಮಂಡಿ ನೋವಿರುವ ಹಿರಿಯರಿಗೆ ಅದರಿಂದ ಏಳುವುದೇ ಕಷ್ಟ. ಮನೆಯಲ್ಲಿ ವಯಸ್ಸಾದವರಿದ್ದರೆ ಸೀಟಿನ ಆಳ 50 ಸೆಂ.ಮೀ. ಆಸುಪಾಸು ಇಡುತ್ತೇನೆ, ಒಳಗೆ ಗಟ್ಟಿ ಫೋಮ್ ಹಾಕಿಸುತ್ತೇನೆ, ಕೈ ಊರಿ ಏಳಲು ಬಲವಾದ ತೋಳು ಕೊಡುತ್ತೇನೆ. ಕಾಲು ಮಡಚಿ ಕೂರುವ ಮಕ್ಕಳಿಗೆ ಇದು ಸಾಲದು. ಅವರಿಗಾಗಿ ಮುಂದೆ ಒಂದು ಮೆತ್ತನೆಯ ಸ್ಟೂಲ್ ಸೇರಿಸಿದರೆ ಇಬ್ಬರಿಗೂ ಒಪ್ಪುತ್ತದೆ.

ಅಳತೆ ಗೊತ್ತಾದ ಮೇಲೆ ಅಂಟುವ ಟೇಪ್ ತಂದು ನೆಲದ ಮೇಲೆ ಎಲ್ಲವನ್ನೂ ಗುರುತು ಮಾಡುತ್ತೇನೆ. ಟೀಪಾಯಿಗೂ ಸೋಫಾಗೂ ನಡುವೆ 40–45 ಸೆಂ.ಮೀ., ಓಡಾಡುವ ದಾರಿಗೆ 75–90 ಸೆಂ.ಮೀ. ಎತ್ತರದ ಕಪಾಟಾದರೆ ರಟ್ಟಿನ ಹಾಳೆ ನಿಲ್ಲಿಸುತ್ತೇನೆ. ಮನೆಯವರು ಒಂದೆರಡು ದಿನ ಆ ಗುರುತುಗಳ ನಡುವೆಯೇ ಓಡಾಡಲಿ ಅಂತ ಬಿಡುತ್ತೇನೆ. ಕಾಗದದ ಮೇಲಿನ ಚಿತ್ರ ಒಪ್ಪಿದವರೂ ಇಲ್ಲಿ ‘ಇದು ಸ್ವಲ್ಪ ಚಿಕ್ಕದಾಗಲಿ’ ಅನ್ನುತ್ತಾರೆ.

ಈ ರೀತಿ ನಡಿಗೆಯನ್ನೇ ಅಳೆಯುವ ಕೆಲಸ ಹೊಸದೇನಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗೆ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಒಂದು ಅಡುಗೆಮನೆ ರೂಪಿಸಿದರು. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಮನೆಯನ್ನು ಗಮನಿಸಿ, ಹೆಂಗಸರು ಎಷ್ಟು ಹೆಜ್ಜೆ ಹಾಕಬೇಕಾಗುತ್ತದೆ ಅಂತ ಲೆಕ್ಕ ಹಾಕಿ, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಜಾಗದಲ್ಲಿ ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿದರು. ಕೂತು ಕೆಲಸ ಮಾಡಲು ಸ್ಟೂಲ್ ಕೂಡ ಇತ್ತು. ಚಿಕ್ಕ ಜಾಗ ಕೊಟ್ಟಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ.

ಇನ್ನು ಮರ. ಗಟ್ಟಿ ಮರ ಕಡಿದು ಹಲಗೆಯಾದ ಮೇಲೂ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮರದ ಎಳೆಗಳ ಉದ್ದಕ್ಕೆ ಆ ಬದಲಾವಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಜಾಸ್ತಿ. ಅದಕ್ಕೇ ಅಗಲವಾದ ಮೇಜಿನ ಹಲಗೆಯನ್ನು ಅಂಟು ಹಾಕಿ ಚೌಕಟ್ಟಿಗೆ ಬಿಗಿದರೆ ಸೀಳು ಬಿಡುತ್ತದೆ. ನಮ್ಮ ಬಡಗಿ ಸ್ಕ್ರೂ ತೂತನ್ನು ಉದ್ದುದ್ದ ಕೊರೆಯುತ್ತಾರೆ. ಹಲಗೆ ಹಿಗ್ಗಿದಾಗ ಸ್ಕ್ರೂ ಅಲ್ಲೇ ಸರಿಯುತ್ತದೆ. ಪ್ಲೈವುಡ್‌ನಲ್ಲಿ ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿರುವುದರಿಂದ ಈ ಕಾಟವಿಲ್ಲ. ಆದರೆ ಒಂದೇ ಮುಖಕ್ಕೆ ಲ್ಯಾಮಿನೇಟ್ ಅನ್ನುವ ತೆಳು ಹೊದಿಕೆ ಹಾಳೆ ಅಂಟಿಸಿದರೆ ದೊಡ್ಡ ಬಾಗಿಲು ಬಿಲ್ಲಿನಂತೆ ಬಾಗಬಹುದು, ಎರಡೂ ಮುಖಕ್ಕೆ ಬೇಕು. ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್‌ಗೆ ಬಣ್ಣ ನುಣ್ಣಗೆ ಕೂರುತ್ತದೆ, ನೀರು ಆಗಿಬರುವುದಿಲ್ಲ. ಸಿಂಕಿನ ಹತ್ತಿರ ಅದನ್ನು ನಾನು ಬಳಸುವುದೇ ಇಲ್ಲ.

ಪುಸ್ತಕದ ಕಪಾಟಿನಲ್ಲಿ ಲೆಕ್ಕ ಇನ್ನೂ ಬಿಗಿ. ಶೆಲ್ಫಿನ ಉದ್ದ ಎರಡು ಪಟ್ಟಾದರೆ, ಒಟ್ಟು ಭಾರ ಅಷ್ಟೇ ಇದ್ದರೂ ಅದು 8 ಪಟ್ಟು ಬಾಗುತ್ತದೆ. ಪುಸ್ತಕಗಳೂ ಎರಡರಷ್ಟು ತುಂಬುತ್ತವಲ್ಲ, ಹಾಗಾಗಿ 16 ಪಟ್ಟು. 18 ಮಿ.ಮೀ. ಪ್ಲೈವುಡ್ ಆದರೆ 75 ಸೆಂ.ಮೀ. ದಾಟಿಸುವುದಿಲ್ಲ. ಉದ್ದನೆಯ ಶೆಲ್ಫೇ ಬೇಕು ಅಂತ ಹಟ ಹಿಡಿದರೆ ಮುಂದಿನ ಅಂಚಿಗೆ 4 ಸೆಂ.ಮೀ. ಎತ್ತರದ ಗಟ್ಟಿ ಮರದ ಪಟ್ಟಿ ಸೇರಿಸುತ್ತೇನೆ. ಬಾಗುವುದು ಎಷ್ಟೋ ಕಡಿಮೆಯಾಗುತ್ತದೆ, ತೆಳುವಾದ ಪ್ಲೈ ಅಂಚೂ ಮರೆಯಾಗುತ್ತದೆ.

ಚಂದ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ನಾನು ಗೆರೆಗಳನ್ನು ತೋರಿಸುತ್ತೇನೆ. ಬಾಗಿಲುಗಳ ನಡುವಿನ ಸಂದು ಎಲ್ಲಾ ಕಡೆ ಒಂದೇ 2–3 ಮಿ.ಮೀ. ಇರಬೇಕು. ಕಪಾಟಿನ ಮೇಲಂಚು ಕಿಟಕಿಯ ಇಲ್ಲವೇ ಬಾಗಿಲ ಚೌಕಟ್ಟಿನ ಗೆರೆಗೆ ಸೇರಬೇಕು. ಮೂರು ಡ್ರಾಯರ್ ಇದ್ದರೆ ಮುಖದ ಹಲಗೆಯನ್ನು ಒಂದೇ ಹಾಳೆಯಿಂದ ಸಾಲಾಗಿ ಕತ್ತರಿಸುತ್ತೇವೆ, ಮರದ ಎಳೆ ಒಂದರಿಂದ ಇನ್ನೊಂದಕ್ಕೆ ಹರಿದು ಹೋಗುತ್ತದೆ. ಚಿಕ್ಕ ಕೋಣೆಯಲ್ಲಿ ಕಪಾಟನ್ನು ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದರೆ ಕೆಳಗಿನ ನೆಲ ಕಾಣುತ್ತದೆ, ಕೋಣೆ ದೊಡ್ಡದು ಅನ್ನಿಸುತ್ತದೆ, ಗುಡಿಸಲೂ ಸುಲಭ. ಇನ್ನೊಂದು ಮಾತು, ಪ್ರತಿ ಕೋಣೆಯಲ್ಲೂ ಒಂದು ಗೋಡೆಯನ್ನಾದರೂ ಖಾಲಿ ಬಿಡಿ ಅಂತ ನಾನು ಬೇಡಿಕೊಳ್ಳುತ್ತೇನೆ. ಜಾಗ ಇದೆ ಅಂತ ಸುಮ್ನೆ ಕಪಾಟು ತುಂಬಿಸಿದರೆ ಒಳಗೆ ಬೇಡದ ಸಾಮಾನೇ ಸೇರುತ್ತದೆ.

ಕೆಲಸ ಮುಗಿಸಿ ಕೊಡುವಾಗ ಮನೆಯವರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಹಿಂಜ್ ತೋರಿಸುತ್ತೇನೆ. ಬಾಗಿಲು ಎಡಕ್ಕೆ ಬಲಕ್ಕೆ ಸರಿಯಲು ಒಂದು ಸ್ಕ್ರೂ, ಒಳಕ್ಕೆ ಹೊರಕ್ಕೆ ಇನ್ನೊಂದು, ಮೇಲೆ ಕೆಳಗೆ ಮತ್ತೊಂದು. ಕೆಲವು ತಿಂಗಳಲ್ಲಿ ಬಾಗಿಲು ಸ್ವಲ್ಪ ಇಳಿದೇ ಇಳಿಯುತ್ತದೆ. ನನ್ನನ್ನು ಕರೆಯದೆ ಅವರೇ ತಿರುಗಿಸಿ ಸಂದು ಸರಿಮಾಡಿಕೊಳ್ಳಲಿ ಅಂತ ನನ್ನೆದುರೇ ಒಮ್ಮೆ ಮಾಡಿಸಿ, ಆಮೇಲೆ ಬರುತ್ತೇನೆ.