ಮಲೆನಾಡಿನ ಇಲಾಖಾ ಸಿಬ್ಬಂದಿಗೆ ಕ್ಯೂಜಿಐಎಸ್ ಕಲಿಸುವ ಕ್ರಮ

ಅರಣ್ಯ, ತೋಟಗಾರಿಕೆ, ಪಂಚಾಯತ್‌ರಾಜ್ ಮುಂತಾದ ಇಲಾಖೆಗಳ ಸಿಬ್ಬಂದಿಗೆ ನಕ್ಷೆ ತಯಾರಿಕೆ ಕಲಿಸಲು ಹೊರಟವರು, ಅವರ ಕೆಲಸದಲ್ಲಿ ಈಗಾಗಲೇ ಎದುರಾಗಿರುವ ಪ್ರಶ್ನೆ ಯಾವುದೆಂದು ಮೊದಲು ಕೇಳಿಕೊಳ್ಳಬೇಕು. ಹೊಸನಗರದ ಅರಣ್ಯ ಸಿಬ್ಬಂದಿಗೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಗಡಿ ಬೇಕಿದ್ದರೆ, ತೀರ್ಥಹಳ್ಳಿಯ ತೋಟಗಾರಿಕೆ ಸಹಾಯಕರಿಗೆ ಅಡಿಕೆ ತೋಟದ ವಿಸ್ತೀರ್ಣ ಬೇಕಿರುತ್ತದೆ. ಮೆನುಗಳನ್ನು ಒಂದೊಂದಾಗಿ ತೋರಿಸುವ ತರಬೇತಿ ಇಬ್ಬರಿಗೂ ಒದಗುವುದಿಲ್ಲ.

ಕ್ಯೂಜಿಐಎಸ್ 2002ರಲ್ಲಿ ಆರಂಭವಾದ, ನಕ್ಷೆ ತಯಾರಿಸುವ ಮುಕ್ತ ತಂತ್ರಾಂಶ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಎಲ್ಲ ಕಂಪ್ಯೂಟರ್‌ಗಳಲ್ಲೂ ದೀರ್ಘಾವಧಿ ಬೆಂಬಲವಿರುವ ಒಂದೇ ಆವೃತ್ತಿಯನ್ನು ಅಳವಡಿಸಿ, ಅಭ್ಯಾಸದ ದತ್ತಾಂಶವನ್ನು ಮೊದಲೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ನೆಟ್‌ವರ್ಕ್ ಕೈಕೊಟ್ಟಾಗ ತರಗತಿ ನಿಲ್ಲುವುದಿಲ್ಲ.

ಹೆಚ್ಚು ಸಮಯ ಮೀಸಲಿಡಬೇಕಾದುದು ಸ್ಥಳವನ್ನು ಅಂಕಿಗಳಲ್ಲಿ ಹೇಳುವ ನಿರ್ದೇಶಾಂಕ ವ್ಯವಸ್ಥೆಗೆ. ಜಿಪಿಎಸ್ ನೀಡುವ ಅಕ್ಷಾಂಶ, ರೇಖಾಂಶಗಳು ಡಿಗ್ರಿಯಲ್ಲಿರುತ್ತವೆ; ಶಿವಮೊಗ್ಗದ ಸುತ್ತ ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. ಆದರೆ, ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ಮಾತ್ರ. ಆದ್ದರಿಂದ ಡಿಗ್ರಿಯಲ್ಲೇ ಉಳಿದ ಆಕೃತಿಯಿಂದ ನೇರವಾಗಿ ಲೆಕ್ಕ ಹಾಕಿದ ವಿಸ್ತೀರ್ಣಕ್ಕೆ ಅರ್ಥವಿಲ್ಲ. ಜಿಲ್ಲೆ ಪೂರ್ತಿಯಾಗಿ ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ 43 ಉತ್ತರ ವಲಯದೊಳಗೆ ಬರುವುದರಿಂದ, ಪದರವನ್ನು (ನಕ್ಷೆಯಲ್ಲಿ ಒಂದೇ ಬಗೆಯ ಆಕೃತಿಗಳ ಗುಂಪು) ಆ ವಲಯದ ಸಂಕೇತವಾದ ಇಪಿಎಸ್‌ಜಿ 32643ಕ್ಕೆ ಪರಿವರ್ತಿಸಿ ಹೊಸ ಕಡತವಾಗಿ ಉಳಿಸಲು ಹೇಳಬೇಕು. ಪದರದ ಗುಣಲಕ್ಷಣದಲ್ಲಿ ನಿರ್ದೇಶಾಂಕ ವ್ಯವಸ್ಥೆಯ ಹೆಸರನ್ನಷ್ಟೇ ಬದಲಿಸಿದರೆ ನಿರ್ದೇಶಾಂಕಗಳು ಬದಲಾಗುವುದಿಲ್ಲ, ತೋಟ ಎಲ್ಲೋ ದೂರದಲ್ಲಿ ಹೋಗಿ ಕೂರುತ್ತದೆ; ಈ ತಪ್ಪನ್ನು ಬೇಕೆಂದೇ ಮಾಡಿಸಿ ತೋರಿಸುವುದು ಉತ್ತಮ. ಬಂದ ಚದರ ಮೀಟರನ್ನು 101.17ರಿಂದ ಭಾಗಿಸಿ ಗುಂಟೆಗೆ ತಂದು ಪಹಣಿಯೊಡನೆ ಹೋಲಿಸಿದಾಗಲೇ ಕಲಿಯುವವರಿಗೆ ಲೆಕ್ಕದ ಮೇಲೆ ಹಿಡಿತ ಬರುತ್ತದೆ.

ಕ್ಷೇತ್ರಾಭ್ಯಾಸಕ್ಕೆ ಮೊಬೈಲ್‌ನಲ್ಲಿ ಕ್ಯೂಫೀಲ್ಡ್ ಆ್ಯಪ್ ಸಾಕು. ಬಯಲಿನಲ್ಲಿ ಒಂದು ಕಲ್ಲನ್ನು, ದಟ್ಟ ಕಾನಿನೊಳಗೆ ಇನ್ನೊಂದನ್ನು ಹಲವು ಬಾರಿ ಗುರುತಿಸಲು ಹೇಳಿ, ಬಿಂದುಗಳು ಎಷ್ಟು ಚದುರುತ್ತವೆಂದು ಅವರೇ ಅಳೆಯಲಿ. ಮೊಬೈಲ್ ಅಳತೆಯಿಂದ ಗಡಿ ವ್ಯಾಜ್ಯ ಬಗೆಹರಿಸಬಾರದೆಂಬುದನ್ನು ಬೇರೆ ಹೇಳಬೇಕಾಗುವುದಿಲ್ಲ. ಎಸ್‌ಆರ್‌ಟಿಎಂ ಎಂಬ, ಬಾಹ್ಯಾಕಾಶದಿಂದ ರೇಡಾರ್ ಅಳೆದ ಎತ್ತರದ ದತ್ತಾಂಶದಿಂದ ಹಳ್ಳಗಳ ಹರಿವನ್ನು ತೆಗೆಯುವಾಗಲೂ ಇದೇ ಎಚ್ಚರ ಬೇಕು, ಏಕೆಂದರೆ ದಟ್ಟ ಕಾಡಿನಲ್ಲಿ ಆ ರೇಡಾರ್ ಅಳತೆ ನೆಲವನ್ನಲ್ಲ, ಬಹುಮಟ್ಟಿಗೆ ಮರಗಳ ಮೇಲ್ಛಾವಣಿಯನ್ನು ಹಿಡಿಯುತ್ತದೆ. ಸೆಂಟಿನೆಲ್–2 ಉಪಗ್ರಹದ 10 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಮಳೆಗಾಲದ್ದು ಬಿಟ್ಟು ಜನವರಿ, ಫೆಬ್ರುವರಿಯವನ್ನೇ ಆರಿಸಬೇಕು. ಆಗುಂಬೆಯ ಮೇಲೆ ಜುಲೈನಲ್ಲಿ ಮೋಡವಲ್ಲದೆ ಬೇರೇನೂ ಸಿಗುವುದು ಕಷ್ಟ.

ಗ್ರಾಮಗಳ ಪಟ್ಟಿಯನ್ನು ನಕ್ಷೆಗೆ ಜೋಡಿಸುವಾಗ ಹೆಸರನ್ನು ನಂಬದೆ ಜನಗಣತಿಯ ಸಂಕೇತಸಂಖ್ಯೆಯನ್ನು ಬಳಸಬೇಕು. ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತವೇ 2014ರಲ್ಲಿ ಬದಲಾಗಿರುವುದರಿಂದ 2011ರ ಜನಗಣತಿಯ ಕೋಷ್ಟಕ ಹೆಸರಿನ ಮೇಲೆ ಕೂಡುವುದಿಲ್ಲ.

ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಡ. ಸಾಗರದವರಿಗೆ ಸೊರಬದ, ಸೊರಬದವರಿಗೆ ಸಾಗರದ ಕಚ್ಚಾ ದತ್ತಾಂಶ ಕೊಟ್ಟು, ಅಳತೆಪಟ್ಟಿ, ದಿಕ್ಕು, ಮೂಲ, ದಿನಾಂಕಗಳಿರುವ ಮುದ್ರಣಯೋಗ್ಯ ನಕ್ಷೆಯೊಂದನ್ನು ಯಾರ ನೆರವೂ ಇಲ್ಲದೆ ತಯಾರಿಸಿ ಒಪ್ಪಿಸಲು ಹೇಳಬೇಕು.