ಎಲೆ ತಿರುಗಿಸಿ ನೋಡಿದಿಯಾ?

ಬೆಂಗಳೂರಿನಲ್ಲಿರುವ ಸೊಸೆ ತಾರಸಿ ಮೇಲೆ ಹತ್ತಿಪ್ಪತ್ತು ಕುಂಡ ಇಟ್ಟುಕೊಂಡಿದ್ದಾಳೆ. ವಾರಕ್ಕೊಮ್ಮೆ ನನ್ನ ಫೋನಿಗೆ ಎಲೆಯ ಫೋಟೋ ಬರುತ್ತದೆ. ಜೊತೆಗೆ ಒಂದೇ ಪ್ರಶ್ನೆ: "ಅತ್ತೆ, ಇದಕ್ಕೆ ಏನು ಹೊಡೆಯಲಿ?" ಹೊಡೆಯೋದು ಆಮೇಲೆ, ಮೊದಲು ಎಲೆ ತಿರುಗಿಸಿ ಇನ್ನೊಂದು ಫೋಟೋ ಕಳಿಸು ಎನ್ನುತ್ತೇನೆ. ಹುಳ, ಮೊಟ್ಟೆ, ಬೂಜು ಎಲ್ಲ ಅಡಗಿ ಕೂರುವುದು ಎಲೆಯ ಅಡಿಯಲ್ಲೇ ಜಾಸ್ತಿ.

ಹೋದ ಸಲ ಬಂದದ್ದು ಮೆಣಸಿನ ಗಿಡದ್ದು. ಎಲೆ ಮುರುಟಿತ್ತು. ಇದನ್ನು ಎಲ್ಲರೂ ಮುಟುರು ರೋಗ ಎಂದುಬಿಡುತ್ತಾರೆ. ಆದರೆ ಯಾವ ಕಡೆಗೆ ಮುರುಟಿದೆ ಅಂತ ನೋಡಬೇಕು. ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯ ಹಾಗಿದ್ದರೆ ಅದು ಥ್ರಿಪ್ಸ್ ನುಸಿ. ಅಂಚು ಕೆಳಕ್ಕೆ ಮಡಚಿ, ದೋಣಿ ಕವುಚಿ ಹಾಕಿದಂತಿದ್ದು, ತೊಟ್ಟೂ ಉದ್ದಕ್ಕೆ ಎಳೆದುಕೊಂಡಿದ್ದರೆ ಮೈಟ್ ನುಸಿ. ಚಿಗುರಿನ ಕೆಳಗೆ ಕಾಗದ ಹಿಡಿದು ಮೆಲ್ಲಗೆ ತಟ್ಟಿ. ಥ್ರಿಪ್ಸ್ ಆದರೆ ದಾರದ ಚೂರಿನಂಥ ಹಳದಿ ಹುಳ ಓಡಾಡುತ್ತದೆ. ಮೈಟ್ ನಮ್ಮ ಕಣ್ಣಿಗೆ ಸಿಗುವುದು ಕಷ್ಟ. ಅದು ಜೇಡನ ನಂಟ, ಹುಳವೇ ಅಲ್ಲ. ಹಾಗಾಗಿ ಹುಳಕ್ಕೆಂದು ಕೊಟ್ಟ ಎಷ್ಟೋ ಔಷಧ ಅದಕ್ಕೆ ತಾಗುವುದೇ ಇಲ್ಲ, ಸುಮ್ನೆ ದುಡ್ಡು ದಂಡ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ ಸಾಕು. ಎಲೆಯ ಅಡಿಗೆ ತಾಗುವ ಹಾಗೆ, ಬಿಸಿಲು ಇಳಿದ ಮೇಲೆ ಹೊಡೆಯಿರಿ. ಉರಿಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಹಳದಿಯಾದರೆ ಗೊಬ್ಬರ ಹಾಕುವುದು ಇನ್ನೊಂದು ಚಟ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾಗುತ್ತಿದ್ದರೆ ಹಾಕಿ, ಅದು ಸಾರಜನಕದ ಕೊರತೆ ಇರಬಹುದು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಬೆಂಡೆಯಲ್ಲಿ ನೋಡಿ, ಇದು ತಿರುಗುಮುರುಗು. ನರವೇ ಹಳದಿಯಾಗಿ ಎಲೆಗೆ ಬಲೆ ಹೊದಿಸಿದಂತೆ ಕಾಣುತ್ತದೆ. ಆಮೇಲೆ ಕಾಯಿಯೂ ಬಿಳಿಚಿಕೊಳ್ಳುತ್ತದೆ. ಇದು ಬಿಳಿ ನೊಣ ಹೊತ್ತು ತರುವ ನಂಜು, ಅಂದರೆ ವೈರಸ್. ಯಾವ ಔಷಧಕ್ಕೂ ಬಗ್ಗುವುದಿಲ್ಲ. ಒಂದೆರಡು ಗಿಡದಲ್ಲಿ ಕಂಡಾಗಲೇ ಕಿತ್ತುಬಿಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಈ ರೋಗ ತಡೆಯಲಿ ಎಂದೇ ಅರ್ಕಾ ಅನಾಮಿಕಾ ತಳಿ ಕೊಟ್ಟಿದ್ದಾರೆ. ನಮ್ಮಲ್ಲಿ ಅದನ್ನು ಹಾಕಿದ ಮೇಲೆ ರೋಗ ಪೂರ್ತಿ ಹೋಗಲಿಲ್ಲ, ಆದರೆ ಸಾರಿಗೆ ಬೆಂಡೆ ಉಳಿಯಿತು.

ನಾನು ಸರಿಯಾಗಿ ಏಟು ತಿಂದದ್ದು ಟೊಮೆಟೊದಲ್ಲಿ. ಒಂದು ವರ್ಷ ಹಿತ್ತಿಲಲ್ಲಿ ಕಾಯಿ ಕಚ್ಚುವ ಹೊತ್ತಿಗೆ ಒಂದು ಗಿಡ ಬಾಡಿತು. ಎಲೆ ಹಸಿರೇ ಇತ್ತು, ಒಂದು ಚುಕ್ಕೆಯೂ ಇಲ್ಲ. ಬಾಯಾರಿಕೆ ಇರಬೇಕು ಅಂತ ಕೊಡಗಟ್ಟಲೆ ನೀರು ಸುರಿದೆ. ವಾರದಲ್ಲಿ ಆ ಸಾಲಿನ ಗಿಡಗಳೆಲ್ಲ ಒಂದೊಂದಾಗಿ ತಲೆ ಬಾಗಿಸಿದವು. ಅದು ಮಣ್ಣಿನಲ್ಲಿರುವ ದುಂಡಾಣುವಿನ ಸೊರಗು ರೋಗ. ಹರಿಯುವ ನೀರಿನ ಜೊತೆಗೇ ಪಕ್ಕದ ಬುಡಕ್ಕೂ ಹೋಗುತ್ತದೆ. ನಾನೇ ಕೈಯಾರೆ ಹರಡಿದ್ದೆ!

ಈಗ ಗಿಡ ಹಸಿರಾಗಿಯೇ ಬಾಡಿದರೆ ಅಡುಗೆಮನೆಯಿಂದ ಗಾಜಿನ ಲೋಟ ತರುತ್ತೇನೆ. ತಿಳಿನೀರು ತುಂಬಿ, ಬುಡದ ಹತ್ತಿರ ಕೊಯ್ದ ದಂಟಿನ ತುಂಡನ್ನು ಕತ್ತರಿಸಿದ ಬಾಯಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಬೇಕು. ಸೊರಗು ರೋಗವಿದ್ದರೆ ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಕ್ಕೆ ಇಳಿಯುತ್ತದೆ. ಮೊದಲ ಸಲ ನೋಡಿದಾಗ ಮೈ ಜುಂ ಎಂದಿತು. ಎಳೆ ಬರದೆ, ಕೆಳಗಿನ ಎಲೆ ಮೊದಲು ಹಳದಿಯಾಗಿ, ದಂಟು ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಶಿಲೀಂಧ್ರದ ಬಾಡು ರೋಗ ಇರಬಹುದು. ಎಳೆ ಬಂದರೆ ಗಿಡವನ್ನು ಬೇರು ಸಮೇತ ಕಿತ್ತು ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ, ಮುಸುಕಿನ ಜೋಳ ಹಾಕಿ. ಲೋಟವನ್ನು ಮಾತ್ರ ಬೇರೆಯೇ ಇಟ್ಟಿದ್ದೇನೆ, ಇಲ್ಲದಿದ್ದರೆ ಮನೆಯವರು ಕಾಫಿ ಕುಡಿಯಲು ಅನುಮಾನಪಡುತ್ತಾರೆ.

ಮಧ್ಯಾಹ್ನ ಬಾಡಿದ್ದನ್ನು ನೋಡಿ ಗಾಬರಿ ಬೇಡ. ಕುಂಬಳ, ಸೌತೆಯಂಥ ಅಗಲ ಎಲೆಯ ಬಳ್ಳಿ ಬಿಸಿಲಿಗೆ ಜೋತು ಬಿದ್ದು ಸಂಜೆಗೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದು ಸುತ್ತು ಹಾಕಿ. ಆ ಹೊತ್ತಿಗೂ ಬಾಡಿದ್ದರೆ ಕಾಯಿಲೆ ಇರಬಹುದು.

ಮೊನ್ನೆ ಮತ್ತೆ ಫೋಟೋ ಬಂತು. ಕುಂಬಳದ ಎಲೆ, ನರದ ಪಕ್ಕದಲ್ಲಿ ಬಿಳಿ ಮಚ್ಚೆ. "ಬೂದಿ ರೋಗ ಅಲ್ವಾ ಅತ್ತೆ? ಗಂಧಕ ತಂದೆ." ಬೆರಳಿನಿಂದ ಒರೆಸಿ ನೋಡು, ಬೂದಿ ರೋಗವಾದರೆ ಹಿಟ್ಟಿನ ಹಾಗೆ ಕೈಗೆ ಬರುತ್ತದೆ ಎಂದೆ. ಬರಲಿಲ್ಲವಂತೆ. ಅದು ಆ ತಳಿಯ ಎಲೆಯ ಬಣ್ಣವೇ. ಗಂಧಕದ ಪೊಟ್ಟಣ ಒಡೆಯದೆ ಮೇಲಿಡು ಎಂದು ಹೇಳಿದೆ.