ಟೇಕ್ ಆಫ್ ಕಲಿಸಿದ್ದು ಹೀಗೆ: ಅರ್ಥದ ಪಟ್ಟಿ ಕೈಬಿಟ್ಟ ನನ್ನ ಅನುಭವ

ಇಂಗ್ಲಿಷಿನ ಟೇಕ್ ಆಫ್ ಎಂಬ ಜೋಡಿ ಕ್ರಿಯಾಪದ ಕಲಿಸಲು ಅರ್ಥದ ಪಟ್ಟಿ ಬೇಡ, ಮೊದಲು ಕರ್ಮಪದ (ಏನನ್ನು ಎಂಬುದಕ್ಕೆ ಉತ್ತರವಾಗುವ ಪದ) ಇದೆಯೋ ಇಲ್ಲವೋ ನೋಡಿಸಿ ಎಂದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. ಅರ್ಥವೇ ತಿಳಿಯದವರ ತಲೆಗೆ ವ್ಯಾಕರಣ ತುರುಕುತ್ತೀರಾ ಎಂಬುದು ಅವರ ತಕರಾರು. ಈಗ ನಾನು ಪದ ಬರೆದು ಕಲಿಸುವ ಚೀಟಿಗಳ ಜೆರಾಕ್ಸ್ ಕೇಳುತ್ತಿರುವವರು ಅವರೇ.

ಪಟ್ಟಿಯಲ್ಲಿದ್ದ ಅರ್ಥಗಳು ಇವು: ಕಳಚು, ಮೇಲೇರು, ಥಟ್ಟನೆ ಹೊರಟುಹೋಗು, ಏಳಿಗೆ ಕಾಣು, ರಜೆ ಹಾಕು, ಕಡಿಮೆ ಮಾಡು. ಕಲಿಯುವವರಿಗೆ ಆರೂ ಬಾಯಿಪಾಠ ಬರುತ್ತವೆ, ವಾಕ್ಯ ಮಾತ್ರ ಬರುವುದಿಲ್ಲ. 'ದ ಪೈಲಟ್ ಟುಕ್ ಆಫ್ ದ ಪ್ಲೇನ್' ಎಂದು ಬರೆದು ಕೊಡುತ್ತಾರೆ. ನಮ್ಮಲ್ಲಿ ಹಾರು ಇದ್ದರೆ ಹಾರಿಸು ಇದ್ದೇ ಇದೆಯಲ್ಲ! ಟೇಕ್ ಆಫ್‌ಗೆ ಆ ಜೋಡಿ ಇಲ್ಲ. 'ದ ಪ್ಲೇನ್ ಟುಕ್ ಆಫ್' ಸರಿ, 'ದ ಪೈಲಟ್ ಟುಕ್ ಆಫ್' ಕೂಡ ಸರಿ, ಇಬ್ಬರನ್ನೂ ಒಂದೇ ವಾಕ್ಯಕ್ಕೆ ಎಳೆದರೆ ಕೆಟ್ಟಿತು. ವ್ಯಾಪಾರದ ಕತೆಯೂ ಅದೇ: 'ದ ಬಿಸಿನೆಸ್ ಟುಕ್ ಆಫ್' ಎಂದು ನಿಲ್ಲಿಸಬೇಕು.

ಮೊದಮೊದಲು ದುಡ್ಡು ಹಾಳಾದದ್ದು ಬಣ್ಣದ ಚಿತ್ರ, ಲ್ಯಾಮಿನೇಷನ್‌ಗೆ. ಚಿತ್ರದ ವಿಮಾನ ಮನಸ್ಸಿಗೆ ಅಂಟಿಕೊಂಡು ಉಳಿದ ಅರ್ಥಗಳನ್ನೆಲ್ಲ ಹೊರಗಟ್ಟಿತು. ಈಗ ಬಿಳಿ ಹಾಳೆಯ ನಲವತ್ತರಷ್ಟು ಚೀಟಿ ಸಾಕು, ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಟೇಕ್ ಒಂದು ಚೀಟಿ, ಆಫ್ ಬೇರೆ ಚೀಟಿ. ಇದೇ ಮುಖ್ಯ. ಶೂಸ್, ರಿಂಗ್, ಗ್ಲಾಸಸ್, ಲಿಡ್ ಒಂದೊಂದರಲ್ಲಿ. ಇಟ್, ದೆಮ್ ಕೆಂಪು ಶಾಯಿಯಲ್ಲಿ. ಮೊದಲ ಪ್ರಶ್ನೆ: ಏನನ್ನು? ಉತ್ತರವಿದ್ದರೆ ಆ ಚೀಟಿ ಆಫ್‌ನ ಹಿಂದೆಯೂ ಕೂರಬಹುದು, ಮುಂದೆಯೂ ಕೂರಬಹುದು: 'ಟೇಕ್ ಯುವರ್ ಶೂಸ್ ಆಫ್', 'ಟೇಕ್ ಆಫ್ ಯುವರ್ ಶೂಸ್'. ಕೆಂಪು ಚೀಟಿಗೆ ಮಾತ್ರ ನಡುವಿನ ಜಾಗವೇ ಗತಿ: 'ಟೇಕ್ ದೆಮ್ ಆಫ್'. 'ಟೇಕ್ ಆಫ್ ದೆಮ್' ಎಂದವರ ಕೈಯಿಂದಲೇ ಚೀಟಿ ಸರಿಸಿ ಇಡಿಸಬೇಕು. ಬಾಯಲ್ಲಿ ತಿದ್ದಿದರೆ ಮರುದಿನ ಮತ್ತದೇ ತಪ್ಪು.

ಇಲ್ಲೊಂದು ತೊಡಕಿದೆ. ನಾವು ಅಂಗಿ ಬಿಚ್ಚುತ್ತೇವೆ, ಉಂಗುರ ಕಳಚುತ್ತೇವೆ, ಕನ್ನಡಕ ತೆಗೆಯುತ್ತೇವೆ, ಚಪ್ಪಲಿ ಬಿಡುತ್ತೇವೆ. ಈ 'ಬಿಡು'ವಿನಿಂದಲೇ 'ಲೀವ್ ಯುವರ್ ಶೂಸ್' ಎಂಬ ತಪ್ಪು ಹುಟ್ಟುವುದು. ನಾಲ್ಕು ಕ್ರಿಯಾಪದವನ್ನೂ ಹಲಗೆಯ ಮೇಲೆ ಬರೆದು, ಎಲ್ಲದರ ಮುಂದೆ ಟೇಕ್ ಆಫ್ ಒಂದನ್ನೇ ಇಡಿ.

ರಜೆಯ ದಿನವೂ ನಡುವೆ ಕೂರುವುದೇ ರೂಢಿ: 'ಟೇಕ್ ಮಂಡೇ ಆಫ್'. ಆಫ್ ಆದಮೇಲೆ ಇನ್ನೊಂದು ನಾಮಪದ ಬಂದರೆ ಲೆಕ್ಕ ಬೇರೆ. 'ಟೇಕ್ ಟೆನ್ ಪರ್ಸೆಂಟ್ ಆಫ್ ದ ಪ್ರೈಸ್', 'ಟೇಕ್ ಯುವರ್ ಹ್ಯಾಂಡ್ ಆಫ್ ದ ಟೇಬಲ್' ಇವುಗಳಲ್ಲಿ ಎರಡನೆಯ ನಾಮಪದ ಯಾವುದರಿಂದ ಎಂಬುದಕ್ಕೆ ಉತ್ತರ. ಅದು ಆಫ್ ಬಿಟ್ಟು ಕದಲುವುದಿಲ್ಲ. ಇದನ್ನು ಮೊದಲ ಪಾಠಕ್ಕೆ ಸೇರಿಸಬೇಡಿ, ಎಲ್ಲ ಕಲಸಿಹೋಗುತ್ತದೆ. ಅಣಕಿಸು ಎಂಬ ಬ್ರಿಟಿಷ್ ಅರ್ಥ ನಾನು ಮುಟ್ಟುವುದೇ ಇಲ್ಲ.

ಉಚ್ಚಾರಣೆಯ ಮೇಲೂ ಒಂದು ಕೈ ನೋಡಿದೆ. ಕ್ರಿಯಾಪದವಾದಾಗ ಒತ್ತು ಆಫ್ ಮೇಲೆ, ನಾಮಪದವಾದಾಗ ಟೇಕ್ ಮೇಲೆ. ಮೇಜು ತಟ್ಟಿ ಹೇಳಿಸಿದರೆ ಬೇಗ ಹಿಡಿಯುತ್ತಾರೆ.

ವಾರ ಬಿಟ್ಟು ಕೇಳಿದರೆ ಹತ್ತರಲ್ಲಿ ಏಳೆಂಟು ಮಂದಿ ದೆಮ್ ಅನ್ನು ಸರಿಯಾದ ಜಾಗದಲ್ಲೇ ಇಡುತ್ತಾರೆ. ಪಟ್ಟಿಯ ಕಾಲದಲ್ಲಿ ಇಬ್ಬರು ಮೂವರು ಇಟ್ಟರೆ ಹೆಚ್ಚು. ಕೊನೆಯ ಸುತ್ತಿನಲ್ಲಿ ಚೀಟಿ ಹಂಚುವ ಕ್ರಮವೊಂದಿದೆ, ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇದೇ ಚೀಟಿಗಳಲ್ಲಿ ಈಗ ಪುಟ್ ಆಫ್ ಶುರುಮಾಡಿದ್ದೇನೆ.